ಪೆಟ್ಟು ತಿಂದ ಮೆದುಳು, ಪಾಪದ ಲೆಕ್ಕ ಮತ್ತು ಕ್ಷಮೆ

ಮೆದುಳಿಗೆ ಪೆಟ್ಟು ಬಿದ್ದು ಬದುಕುಳಿದವರಲ್ಲಿ ಕೆಲವರಿಗೆ ಮುಂದೆ ಬದುಕೇ ಬೇಡವೆನಿಸುವುದುಂಟು. ಅವರು ಕ್ರೈಸ್ತ ವಿಶ್ವಾಸಿಗಳಾಗಿದ್ದರೆ ಆ ನೋವಿನ ಜೊತೆಗೆ ಇನ್ನೊಂದು ಭಯವೂ ಸೇರಿಕೊಳ್ಳುತ್ತದೆ. ಇಂಥ ಯೋಚನೆ ಬಂದದ್ದೇ ಪಾಪವೇ? ಇದಕ್ಕೆ ಕ್ಷಮೆ ಉಂಟೇ? ದೇವರು ಕೈಬಿಟ್ಟಿದ್ದಾನೆ ಎಂಬುದರ ಗುರುತೇ ಇದು? ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯವರಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ: ಸತ್ತವರ ಗತಿ ಏನು, ಚರ್ಚಿನಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಬಹುದೇ? ಕ್ರೈಸ್ತ ಪರಂಪರೆ ಈ ಪ್ರಶ್ನೆಗಳಿಗೆ ಎಲ್ಲ ಕಾಲದಲ್ಲೂ ಒಂದೇ ಉತ್ತರ ಕೊಟ್ಟಿಲ್ಲ. ಎಲ್ಲಕ್ಕಿಂತ ಕಠಿಣವಾದ ಉತ್ತರ ಜನರ ಬಾಯಲ್ಲಿ ಉಳಿದುಕೊಂಡಿದೆ. ಅದಕ್ಕಿಂತ ಹಳೆಯದೂ ಕರುಣೆಯುಳ್ಳದ್ದೂ ಆದ ಉತ್ತರ ಮರೆಗೆ ಸರಿದಿದೆ.

ಈ ಪ್ರಶ್ನೆಗಳು ನಮ್ಮ ಸೀಮೆಯವೂ ಹೌದು. ಅರಸೀಕೆರೆ, ಬೇಲೂರು, ಹಳೇಬೀಡು ಇರುವ ಹಾಸನ ಜಿಲ್ಲೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು, ಆದರೆ ಹೊಸಬರಲ್ಲ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿ, ಹಾಸನದ ಬಳಿಯ ಸಾತಹಳ್ಳಿಯಲ್ಲಿ ಕ್ರೈಸ್ತರ ಬೇಸಾಯದ ನೆಲೆಯೊಂದನ್ನು ಕಟ್ಟಿದ. ಸಿಡುಬಿನ ಲಸಿಕೆಯನ್ನು ಈ ಭಾಗದ ಜನರಿಗೆ ಹಾಕಿಸಲು ಓಡಾಡಿದವನೂ ಅವನೇ. ಅವನ ಪಾಲಿಗೆ ಪ್ರಾರ್ಥನೆಯೂ ಔಷಧಿಯೂ ಒಂದಕ್ಕೊಂದು ಎದುರಾಳಿಗಳಾಗಿರಲಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು 1860ರ ದಶಕದ್ದು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಮೆಥಡಿಸ್ಟ್ ಮಿಷನ್ ಬಿಟ್ಟುಹೋದ ಆಸ್ತಿ. ಜಿಲ್ಲೆಯ ಕಥೋಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಪ್ರೊಟೆಸ್ಟಂಟರಲ್ಲಿ ಬಹಳಷ್ಟು ಮಂದಿ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯವರು. ಇವರಲ್ಲದೆ ಸ್ವತಂತ್ರ ಪ್ರಾರ್ಥನಾ ಮಂದಿರಗಳಿಗೆ ಹೋಗುವವರೂ ಇದ್ದಾರೆ.

ಈ ಸೀಮೆಯಲ್ಲಿ ತಲೆಗೆ ಪೆಟ್ಟು ಬೀಳುವ ದಾರಿಗಳು ಎಲ್ಲರಿಗೂ ಗೊತ್ತು. ಅರಸೀಕೆರೆಯನ್ನು ಹಾದುಹೋಗುವ ಬಿ.ಎಚ್. ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದ ಬೈಕು, ತೆಂಗಿನ ಮರ ಹತ್ತಿದವನ ಕಾಲು ಜಾರುವುದು, ಬೇಲೂರಿನಿಂದಾಚೆಗೆ ಕಾಫಿ ತೋಟದ ಮರಗಸಿಗೆಂದು ಹತ್ತಿದ ಕೊಂಬೆ ಮುರಿಯುವುದು. ಪೆಟ್ಟು ಬಿದ್ದವರನ್ನು ಹಾಸನಕ್ಕೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸಾಗಿಸುವ ಆಂಬುಲೆನ್ಸಿನ ದಾರಿಯೂ ಈ ಭಾಗದ ಅನೇಕ ಕುಟುಂಬಗಳಿಗೆ ಬಾಯಿಪಾಠ. ಗಾಯಕ್ಕೆ ಜಾತಿ ಮತವಿಲ್ಲ. ಅದಾದ ಮೇಲೆ ಮನೆಯವರು ಕೇಳಿಕೊಳ್ಳುವ ಪ್ರಶ್ನೆಗಳಿಗೆ ಮಾತ್ರ ಅವರವರ ಧರ್ಮದ ಬಣ್ಣವಿರುತ್ತದೆ.

ಮೆದುಳಿನ ಮುಂಭಾಗ ಮನುಷ್ಯನ ಸಂಯಮದ ಜಾಗ. ಸಿಟ್ಟು ಬಂದಾಗ ಮಾತು ತಡೆಯುವುದು, ನಾಳೆಯ ಪರಿಣಾಮವನ್ನು ಇಂದೇ ಊಹಿಸುವುದು, ಎದುರಿನವರ ಮುಖ ನೋಡಿ ಮನಸ್ಸು ಅರಿಯುವುದು ಎಲ್ಲವೂ ಬಹುಪಾಲು ಅಲ್ಲಿಂದಲೇ ನಡೆಯುತ್ತವೆ. ಬುರುಡೆಗೆ ಜೋರಾಗಿ ಪೆಟ್ಟು ಬಿದ್ದಾಗ ಹೆಚ್ಚಾಗಿ ಹಾನಿಯಾಗುವುದೂ ಈ ಭಾಗಕ್ಕೆ ಮತ್ತು ಕಿವಿಯ ಪಕ್ಕದ ಭಾಗಕ್ಕೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್‌ನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆ ತಲೆಯ ಮೇಲಿಂದ ಹೊರಬಿತ್ತು. ಅವನು ಬದುಕಿದ. ಆದರೆ ಅಲ್ಲಿಯವರೆಗೆ ಜವಾಬ್ದಾರಿಯ ಮನುಷ್ಯನೆನಿಸಿಕೊಂಡಿದ್ದವನು ಒರಟನೂ ಚಂಚಲನೂ ಆದನೆಂದು ಅವನಿಗೆ ಚಿಕಿತ್ಸೆ ಕೊಟ್ಟ ಡಾ. ಜಾನ್ ಹಾರ್ಲೋ 1868ರಲ್ಲಿ ಬರೆದರು. ಈ ಕಥೆಯನ್ನು ಹೇಳುವವರು ಅದರ ಎರಡನೆಯ ಅರ್ಧವನ್ನು ಬಿಟ್ಟುಬಿಡುತ್ತಾರೆ. ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಕೋಚು ಓಡಿಸುವ ಶಿಸ್ತಿನ ಕೆಲಸ ಮಾಡಿದ. ಪೆಟ್ಟು ತಿಂದ ಮೆದುಳೂ ಕಲಿಯುತ್ತದೆ, ನಿಧಾನವಾಗಿ.

ನಮ್ಮಲ್ಲಿ ಮನೆಯವರು ಹೇಳುವುದೂ ಗೇಜ್‌ನ ಸ್ನೇಹಿತರು ಹೇಳಿದಂಥದ್ದೇ ಮಾತು: ‘ಇವರು ಮೊದಲಿನವರಲ್ಲ.’ ಗೋಡೆಯ ಮೊಳೆಗೆ ಆಸ್ಪತ್ರೆಯ ದೊಡ್ಡ ಕವರು ನೇತಾಡುತ್ತಿರುತ್ತದೆ, ಅದರೊಳಗೆ ಸ್ಕ್ಯಾನ್ ಫಿಲ್ಮು. ಹೊಲಿಗೆ ಬಿಚ್ಚಿ ತಿಂಗಳುಗಳಾಗಿರುತ್ತವೆ. ಕೂದಲು ಬೆಳೆದು ಗಾಯದ ಗುರುತು ಮುಚ್ಚಿರುತ್ತದೆ. ನೋಡಲು ಬಂದವರೆಲ್ಲ ‘ಪರವಾಗಿಲ್ಲ, ಚೆನ್ನಾಗಾಗಿದ್ದಾರೆ’ ಎಂದು ಹೇಳಿ ಹೋಗುತ್ತಾರೆ. ರಾತ್ರಿ ನಿದ್ದೆಯಿಲ್ಲ, ಒಂದು ಸದ್ದಾದರೂ ಸಿಡಿಮಿಡಿ, ಹೇಳಿದ್ದನ್ನೇ ಹೇಳುವುದು, ಮಕ್ಕಳ ಮೇಲೆ ಕೈಯೆತ್ತುವುದು, ಮರುಗಳಿಗೆಯಲ್ಲೇ ಅಳು. ಇವನ್ನೆಲ್ಲ ಕಾಣುವವಳು ಹೆಂಡತಿ ಅಥವಾ ತಾಯಿ ಮಾತ್ರ. ಕೆಲಸ ಹೋಗಿರುತ್ತದೆ, ಸಾಲ ಬೆಳೆದಿರುತ್ತದೆ. ಗಾಯಾಳುವಿಗೂ ತಾನು ಬದಲಾಗಿರುವುದು ಅರೆಬರೆಯಾಗಿ ಗೊತ್ತಿರುತ್ತದೆ. ತಾನು ಮನೆಗೆ ಹೊರೆ ಎಂಬ ಮಾತು ಬಾಯಿಗೆ ಬರುವುದು ಈ ಹಂತದಲ್ಲೇ. ಆ ಮಾತನ್ನು ಗೊಣಗಾಟವೆಂದು ತಳ್ಳಿಹಾಕುವುದು ದೊಡ್ಡ ತಪ್ಪು.

ಆ ಮಾತಿನ ಹಿಂದೆ ಕಾಯಿಲೆಯಿದೆ ಎಂಬುದಕ್ಕೆ ಲೆಕ್ಕವೂ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಆಸ್ಪತ್ರೆಗೆ ದಾಖಲಾದ 559 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆದುಳಿನ ಗಾಯವಾದ ಮೊದಲ ವರ್ಷದಲ್ಲಿ ನೂರಕ್ಕೆ 53 ಮಂದಿ ತೀವ್ರ ಖಿನ್ನತೆಗೆ ಒಳಗಾಗಿದ್ದರು. ಡೆನ್ಮಾರ್ಕಿನಲ್ಲಿ 1980ರಿಂದ 2014ರವರೆಗಿನ ಸುಮಾರು 74 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ತಲೆಗೆ ಪೆಟ್ಟಾದವರಲ್ಲಿ ಆತ್ಮಹತ್ಯೆಯ ವಾರ್ಷಿಕ ಪ್ರಮಾಣ ಲಕ್ಷಕ್ಕೆ 41. ಉಳಿದವರಲ್ಲಿ ಅದು 20. ಅಪಾಯ ಹೆಚ್ಚಾಗಿದ್ದದ್ದು ಪೆಟ್ಟಾದ ಮೊದಲ ಆರು ತಿಂಗಳಲ್ಲಿ. ಅಂದರೆ ಪೆಟ್ಟಾದವರಲ್ಲಿ ಬಹುತೇಕ ಎಲ್ಲರೂ ಬದುಕಿ ಮುಂದೆ ಸಾಗುತ್ತಾರೆ. ಆದರೆ ಅಪಾಯ ಇಮ್ಮಡಿಯಾಗುತ್ತದೆ. ಅದಕ್ಕೆ ಕಾರಣ ಗಾಯಗೊಂಡ ಅಂಗವೂ ಅದರ ಸುತ್ತ ಕುಸಿದ ಬದುಕೂ ಆಗಿವೆಯೇ ಹೊರತು ವಿಶ್ವಾಸದ ಕೊರತೆಯಲ್ಲ.

ಬೈಬಲಿನಲ್ಲಿ ಆತ್ಮಹತ್ಯೆಯ ಪ್ರಸಂಗಗಳು ಬೆರಳೆಣಿಕೆಯಷ್ಟು. ಅರಸ ಸೌಲ ಮತ್ತು ಅವನ ಆಯುಧವಾಹಕ, ಮಂತ್ರಾಲೋಚಕ ಅಹೀತೋಫೆಲ, ಜಿಮ್ರಿ, ಶತ್ರುಗಳೊಡನೆ ತಾನೂ ಸತ್ತ ಸಂಸೋನ, ಹೊಸ ಒಡಂಬಡಿಕೆಯಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದ. ಇವುಗಳಲ್ಲಿ ಯಾವುದರ ಕೊನೆಯಲ್ಲೂ ‘ಈ ಸಾವಿಗೆ ಕ್ಷಮೆಯಿಲ್ಲ’ ಎಂಬ ತೀರ್ಪು ಇಲ್ಲ. ಸೌಲನ ಮೂಳೆಗಳನ್ನು ಯಾಬೇಷ್ ಗಿಲ್ಯಾದಿನವರು ಹೂಳಿಟ್ಟು ಏಳು ದಿನ ಉಪವಾಸವಿದ್ದರು. ದಾವೀದನು ಅವನಿಗಾಗಿ ಶೋಕಗೀತೆ ಹಾಡಿದ. ಅಹೀತೋಫೆಲನನ್ನು ಅವನ ತಂದೆಯ ಸಮಾಧಿಯಲ್ಲೇ ಹೂಳಿದರು. ಸಂಸೋನನ ಹೆಸರು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ವಿಶ್ವಾಸವೀರರ ಸಾಲಿನಲ್ಲಿದೆ. ತಲೆಗೆ ಪೆಟ್ಟು ಬಿದ್ದವನ ಕಥೆಯೂ ಒಂದಿದೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಹೆಂಗಸೊಬ್ಬಳು ಗೋಪುರದಿಂದ ಹಾಕಿದ ಬೀಸುವ ಕಲ್ಲಿನಿಂದ ಅಬೀಮೆಲೆಕನ ಬುರುಡೆ ಒಡೆಯುತ್ತದೆ. ಅವನು ತನ್ನನ್ನು ಕೊಂದುಬಿಡುವಂತೆ ಸೇವಕನಿಗೆ ಹೇಳುತ್ತಾನೆ. ಗ್ರಂಥ ಅವನನ್ನು ದೂಷಿಸುವುದು ತನ್ನ ಎಪ್ಪತ್ತು ಮಂದಿ ಸಹೋದರರನ್ನು ಕೊಂದದ್ದಕ್ಕಾಗಿ.

ಸಾವನ್ನು ಬೇಡಿಕೊಂಡ ಭಕ್ತರ ಕಥೆಗಳು ಇನ್ನೂ ಹತ್ತಿರದವು. ಪ್ರವಾದಿ ಎಲೀಯ ಜಾಲಿಯಂಥ ಪೊದೆಯ ಕೆಳಗೆ ಕುಸಿದು ಸಾಕಿನ್ನು ಎಂದು ಪ್ರಾರ್ಥಿಸಿದಾಗ ಅವನಿಗೆ ಬೈಗುಳ ಸಿಗಲಿಲ್ಲ. ನಿದ್ದೆ ಸಿಕ್ಕಿತು, ಬಿಸಿ ರೊಟ್ಟಿ, ನೀರು ಸಿಕ್ಕಿತು, ಮತ್ತೊಮ್ಮೆ ನಿದ್ದೆ, ಮತ್ತೊಮ್ಮೆ ಊಟ. ಆಮೇಲಷ್ಟೇ ದೇವರ ಮಾತು. ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಫಿಲಿಪ್ಪಿಯ ಸೆರೆಮನೆಯ ಕಾವಲುಗಾರ ಪ್ರಾಣ ಬಿಡಲು ಹೊರಟಾಗ ಪೌಲ ಕೂಗಿ ತಡೆದ. ಆ ರಾತ್ರಿಯೇ ಅವನ ಮನೆಯಲ್ಲಿ ಊಟವಾಯಿತು. ಸಾಯುವ ಯೋಚನೆ ಬಂದವರ ಬಳಿಗೆ ಹೋಗುವ ಸಭಾಪಾಲಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗುವುದಿಲ್ಲ.

ಹಾಗಾದರೆ ಕಠಿಣ ಉತ್ತರ ಎಲ್ಲಿಂದ ಬಂತು? ಅದು ಹುಟ್ಟಿದಂಥ ಹಿನ್ನೆಲೆಯನ್ನು ಹಳೇಬೀಡಿನಲ್ಲೇ ನಿಂತು ನೋಡಬಹುದು. ಹೊಯ್ಸಳೇಶ್ವರ ದೇವಾಲಯದ ಆವರಣದ ಗರುಡ ಕಂಬ, 1220ರಲ್ಲಿ ತೀರಿಕೊಂಡ ಅರಸ ಇಮ್ಮಡಿ ವೀರಬಲ್ಲಾಳನ ಹಿಂದೆಯೇ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಕೊಟ್ಟ ಕುವರ ಲಕ್ಷ್ಮನ ಸ್ಮಾರಕ. ಸ್ವಾಮಿನಿಷ್ಠೆಗಾಗಿ ಸಾಯುವುದು ಆ ಕಾಲದ ದೊಡ್ಡ ಗೌರವ. ಮಾನಕ್ಕಾಗಿ ಸಾಯುವುದನ್ನು ಮೆಚ್ಚುವ ಇಂಥದೇ ಸಮಾಜದಲ್ಲಿ, ರೋಮ್ ಸಾಮ್ರಾಜ್ಯದಲ್ಲಿ, ಸಂತ ಅಗಸ್ಟೀನ್ 5ನೇ ಶತಮಾನದಲ್ಲಿ ‘ದೇವರ ನಗರ’ ಬರೆದ. ಮಾನಭಂಗಕ್ಕೊಳಗಾದ ಲುಕ್ರೀಷಿಯಾ ಪ್ರಾಣ ಬಿಟ್ಟದ್ದನ್ನು ರೋಮನ್ನರು ಕೊಂಡಾಡುತ್ತಿದ್ದರು. ತಪ್ಪೇ ಮಾಡದ ಹೆಣ್ಣು ಏಕೆ ಸಾಯಬೇಕು ಎಂದು ಅಗಸ್ಟೀನ್ ಕೇಳಿದ. ಕೊಲ್ಲಬಾರದೆಂಬ ಆಜ್ಞೆ ತನ್ನ ಪ್ರಾಣಕ್ಕೂ ಅನ್ವಯಿಸುತ್ತದೆ ಎಂಬ ಅವನ ವಾದ ಹುಟ್ಟಿದ್ದು ಆ ಪ್ರಶ್ನೆಯಿಂದ. ಬದುಕಲು ಹಕ್ಕಿಲ್ಲವೆಂದು ಸಮಾಜ ಹೇಳಿದವಳಿಗೆ ಬದುಕುವ ಹಕ್ಕು ಕೊಡಿಸುವ ವಾದ ಅದು. ಮುಂದಿನ ಶತಮಾನಗಳು ಅದನ್ನು ಸತ್ತವರ ಮೇಲಿನ ಶಿಕ್ಷೆಯಾಗಿ ಮಾರ್ಪಡಿಸಿದವು.

6ನೇ ಶತಮಾನದಲ್ಲಿ ಬ್ರಾಗಾದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಆತ್ಮಹತ್ಯೆ ಮಾಡಿಕೊಂಡವರಿಗೆ ಶವಸಂಸ್ಕಾರದ ವಿಧಿಗಳನ್ನು ನಿರಾಕರಿಸಿತು. 693ರಲ್ಲಿ ಟೊಲೆಡೊ ಸಭೆ ಪ್ರಯತ್ನಿಸಿ ಬದುಕುಳಿದವರನ್ನೂ ಎರಡು ತಿಂಗಳು ಪ್ರಸಾದದಿಂದ ದೂರವಿಟ್ಟಿತು. 13ನೇ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಆತ್ಮಹತ್ಯೆ ತಪ್ಪೆನ್ನಲು ಮೂರು ಕಾರಣ ಕೊಟ್ಟ. ಅದು ತನ್ನನ್ನು ತಾನು ಪ್ರೀತಿಸುವ ಸಹಜ ಧರ್ಮಕ್ಕೆ ವಿರುದ್ಧ, ಸಮುದಾಯಕ್ಕೆ ಮಾಡುವ ಅನ್ಯಾಯ, ದೇವರ ವರವಾದ ಜೀವದ ಮೇಲೆ ಇಲ್ಲದ ಅಧಿಕಾರ ಚಲಾಯಿಸುವುದು. ಪಶ್ಚಾತ್ತಾಪಕ್ಕೆ ಸಮಯವೇ ಉಳಿಯುವುದಿಲ್ಲವೆಂಬ ಮಾತೂ ಇದರೊಡನೆ ಸೇರಿತು. ಜನರ ಮನಸ್ಸಿನಲ್ಲಿ ಇಂದಿಗೂ ಕೂತಿರುವುದು ಈ ಕೊನೆಯ ಮಾತು.

ಆದರೆ ಬ್ರಾಗಾ ಸಭೆಗೂ ಸುಮಾರು ಎರಡು ಶತಮಾನ ಮೊದಲೇ, 4ನೇ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ತಿಮೊಥಿಗೆ ಒಂದು ಪ್ರಶ್ನೆ ಬಂದಿತ್ತು. ಬುದ್ಧಿ ಸ್ವಾಧೀನದಲ್ಲಿಲ್ಲದವನು ತನ್ನ ಪ್ರಾಣ ತೆಗೆದುಕೊಂಡರೆ ಅವನಿಗಾಗಿ ಬಲಿಪೂಜೆ ಅರ್ಪಿಸಬಹುದೇ? ನಿಜವಾಗಿಯೂ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೇ ಎಂಬುದನ್ನು ಪಾದ್ರಿ ಚೆನ್ನಾಗಿ ವಿಚಾರಿಸಬೇಕು, ಮನೆಯವರು ಸುಳ್ಳು ಹೇಳುವುದೂ ಉಂಟು ಎಂದು ಆತ ಉತ್ತರಿಸಿದ. ಮೇಲ್ನೋಟಕ್ಕೆ ಇದು ಒರಟು ಉತ್ತರ. ಆದರೆ ಅದರ ಒಳಗಿರುವ ತತ್ವ ದೊಡ್ಡದು. ಬುದ್ಧಿ ಕದಡಿದವನ ಸಾವನ್ನು ಇಚ್ಛೆಯಿಂದ ಮಾಡಿದ ಪಾಪವೆಂದು ಎಣಿಸಬಾರದು ಎಂಬುದನ್ನು ಅದು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಈ ನಿಯಮವನ್ನು ಆಧಾರವಾಗಿ ಇಟ್ಟುಕೊಂಡಿವೆ. ಸ್ಕ್ಯಾನ್ ಯಂತ್ರವಿಲ್ಲದ ಕಾಲದಲ್ಲಿ ಪಾದ್ರಿ ನೆರೆಹೊರೆಯವರನ್ನು ಕೇಳಿ ತಿಳಿಯಬೇಕಿದ್ದದ್ದು ಇಂದು ಗೋಡೆಗೆ ನೇತುಹಾಕಿದ ಆ ಕವರಿನಲ್ಲೇ ಇದೆ.

ಪ್ರೊಟೆಸ್ಟಂಟ್ ಪರಂಪರೆಯ ಮೂಲದಲ್ಲೂ ಮೃದು ದನಿಯಿದೆ. ಆತ್ಮಹತ್ಯೆ ಮಾಡಿಕೊಂಡವರೆಲ್ಲ ನರಕಕ್ಕೆ ಹೋಗುತ್ತಾರೆಂಬುದನ್ನು ಮಾರ್ಟಿನ್ ಲೂಥರ್ ಒಪ್ಪಲಿಲ್ಲ. ಕಾಡಿನಲ್ಲಿ ಕಳ್ಳರ ಕೈಗೆ ಸಿಕ್ಕಿ ಸತ್ತ ದಾರಿಹೋಕನಿಗೂ ಇವರಿಗೂ ಅವನು ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನ ಕವಿ ವಿಲಿಯಂ ಕೂಪರ್ ಅನೇಕ ಸ್ತುತಿಗೀತೆಗಳನ್ನು ಬರೆದವನು, ಆದರೂ ದೇವರು ತನ್ನನ್ನು ತ್ಯಜಿಸಿದ್ದಾನೆಂಬ ನಂಬಿಕೆ ಅವನನ್ನು ಸಾಯುವವರೆಗೂ ಬಿಡಲಿಲ್ಲ. 1773ರಲ್ಲಿ ಅವನ ಸ್ಥಿತಿ ತೀರ ಹದಗೆಟ್ಟಾಗ ಪಾದ್ರಿ ಜಾನ್ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ನೋಡಿಕೊಂಡ. ಕೂಪರ್ 1800ರಲ್ಲಿ ಸಹಜವಾಗಿ ತೀರಿಕೊಂಡ. ಭಕ್ತಿ ಇದ್ದರೆ ಖಿನ್ನತೆ ಬರುವುದಿಲ್ಲ ಎನ್ನುವವರು ಈ ಇಬ್ಬರ ಬದುಕನ್ನೂ ಓದಬೇಕು.

ಅಧಿಕೃತ ನಿಯಮಗಳು ಬದಲಾದದ್ದು 20ನೇ ಶತಮಾನದಲ್ಲಿ. ಕಥೋಲಿಕರ 1917ರ ಧರ್ಮಸಂಹಿತೆ ಬುದ್ಧಿಪೂರ್ವಕವಾಗಿ ಪ್ರಾಣ ತೆಗೆದುಕೊಂಡವರಿಗೆ ಚರ್ಚಿನ ಸಂಸ್ಕಾರವಿಲ್ಲ ಎಂದಿತ್ತು. 1983ರ ಸಂಹಿತೆ ಆ ನಿಷೇಧವನ್ನೇ ಕೈಬಿಟ್ಟಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಆತ್ಮಹತ್ಯೆಯನ್ನು ಗಂಭೀರ ತಪ್ಪೆಂದೇ ಹೇಳುತ್ತದೆ. ಆದರೆ ತೀವ್ರ ಮಾನಸಿಕ ತೊಂದರೆ, ಸಂಕಟ, ನೋವಿನ ಭಯ ಇವು ಹೊಣೆಯನ್ನು ಕಡಿಮೆ ಮಾಡಬಲ್ಲವು, ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು, ದೇವರು ತನಗಷ್ಟೇ ಗೊತ್ತಿರುವ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ ಎಂದೂ ಸೇರಿಸುತ್ತದೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿದ್ದ ಶವಸಂಸ್ಕಾರದ ನಿಷೇಧವನ್ನು ತೆಗೆಯಬೇಕೆಂದು ಇಂಗ್ಲೆಂಡಿನ ಸಭೆಯ ಮಹಾಸಭೆ 2015ರಲ್ಲಿ ಮತ ಹಾಕಿತು. ಭಾರತದ ಕಾನೂನು ಇದೇ ದಾರಿಯಲ್ಲಿ ತಡವಾಗಿ ಬಂತು. ಪ್ರಯತ್ನಿಸಿ ಬದುಕುಳಿದವರನ್ನು ಒಂದು ವರ್ಷದವರೆಗೆ ಸೆರೆಗೆ ಕಳಿಸಬಹುದಾಗಿದ್ದ, 1860ರ ದಂಡಸಂಹಿತೆಯ 309ನೇ ಕಲಮಿನ ಬಲವನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಹುಮಟ್ಟಿಗೆ ಮುರಿಯಿತು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ.

ಕಥೋಲಿಕ ಬೋಧನೆಯಲ್ಲಿ ಮಾರಕ ಪಾಪವಾಗಲು ಮೂರು ಸೇರಬೇಕು: ಗಂಭೀರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ. ಮೆದುಳಿನ ಗಾಯ ಕಿತ್ತುಕೊಳ್ಳುವುದು ಕೊನೆಯ ಎರಡನ್ನು. ಒಂದು ಕ್ಷಣದ ಆವೇಗವನ್ನು ತಡೆಯುವ ಭಾಗವೇ ಹಾಳಾಗಿರುವಾಗ ಪೂರ್ಣ ಸಮ್ಮತಿ ಎಂಬ ಮಾತಿಗೆ ಆಧಾರ ಎಲ್ಲಿದೆ? ಗಾಯಾಳುವಿಗೆ ಯಾವ ಹೊಣೆಯೂ ಇಲ್ಲವೆಂದು ಇದರರ್ಥವಲ್ಲ. ಹಾಗೆಂದರೆ ಅವನನ್ನು ಮನುಷ್ಯನ ಸ್ಥಾನದಿಂದಲೇ ಕೆಳಗಿಳಿಸಿದಂತಾಗುತ್ತದೆ. ಎಷ್ಟು ಸ್ವಾತಂತ್ರ್ಯ ಉಳಿದಿದೆಯೋ ಅಷ್ಟೇ ಹೊಣೆ. ಅದರ ಅಳತೆ ದೇವರಿಗೆ ಬಿಟ್ಟದ್ದು, ಪಕ್ಕದ ಬೆಂಚಿನವರಿಗಲ್ಲ.

ಕ್ಷಮಿಸಲಾಗದ ಪಾಪವೊಂದನ್ನು ಯೇಸು ಹೆಸರಿಸಿದ್ದು ನಿಜ. ಅದು ಪವಿತ್ರಾತ್ಮನ ದೂಷಣೆ, ಆತ್ಮಹತ್ಯೆಯಲ್ಲ. ಖಿನ್ನತೆಯಲ್ಲಿರುವವರು, ಗೀಳು ರೋಗದವರು ಆ ವಾಕ್ಯವನ್ನೇ ಹಿಡಿದು ತಾನು ಅದನ್ನು ಮಾಡಿಬಿಟ್ಟೆನೆಂದು ನರಳುವುದುಂಟು. ಹಾಗೆ ಹೆದರುವ ಮನಸ್ಸು ಕ್ಷಮೆಯನ್ನು ಬಯಸುತ್ತಿದೆ, ಆದ್ದರಿಂದ ಆ ಪಾಪ ಅದಕ್ಕೆ ಅಂಟಿಲ್ಲ ಎಂಬುದು ಅನುಭವಿ ಪಾದ್ರಿಗಳು ತಲೆಮಾರುಗಳಿಂದ ಕೊಡುತ್ತ ಬಂದ ಸಮಾಧಾನ. ಯೂದನ ಬಗ್ಗೆಯೂ ಇತಿಹಾಸದಲ್ಲಿ ಒಂದೇ ಮಾತಿಲ್ಲ. ಬೇಲೂರು ಹಳೇಬೀಡುಗಳ ದೇಗುಲಗಳು ಏಳುತ್ತಿದ್ದ 12ನೇ ಶತಮಾನದಲ್ಲೇ ಫ್ರಾನ್ಸಿನ ವೆಜಲೆಯ ಚರ್ಚಿನಲ್ಲೊಬ್ಬ ಶಿಲ್ಪಿ ಕಂಬದ ಬೋದಿಗೆಯ ಮೇಲೆ, ಸತ್ತ ಯೂದನನ್ನು ಕುರಿಮರಿಯಂತೆ ಹೆಗಲ ಮೇಲೆ ಹೊತ್ತು ಸಾಗುವ ಒಬ್ಬನನ್ನು ಕೆತ್ತಿದ. ಹೊತ್ತವನು ಒಳ್ಳೆಯ ಕುರುಬನಾದ ಕ್ರಿಸ್ತನೇ ಎಂದು ಪೋಪ್ ಫ್ರಾನ್ಸಿಸ್ ಆ ಶಿಲ್ಪವನ್ನು ಅರ್ಥೈಸಿದರು.

ಕ್ಷಮೆಯ ನಿಜವಾದ ಕೆಲಸವಿರುವುದು ಬದುಕಿರುವವರ ನಡುವೆ. ಗಾಯಾಳು ಆಡಿದ ಮಾತು ಅವನಿಗೇ ಮರೆತುಹೋಗಿರುತ್ತದೆ, ಕೇಳಿಸಿಕೊಂಡವಳಿಗೆ ಮರೆಯುವುದಿಲ್ಲ. ತಪ್ಪೊಪ್ಪಿಗೆಗಾಗಿ ಕಾದು ಕೂತರೆ ಆ ಕ್ಷಮೆ ಎಂದಿಗೂ ನಡೆಯುವುದಿಲ್ಲ. ತಾವೇನು ಮಾಡುತ್ತಿದ್ದೇವೆಂದು ಅರಿಯದವರಿಗಾಗಿ ಶಿಲುಬೆಯ ಮೇಲಿಂದ ಬಂದ ಪ್ರಾರ್ಥನೆ ಇಂಥ ಮನೆಗಳಿಗೆ ಬೇರೆ ಯಾವುದಕ್ಕಿಂತ ಹೆಚ್ಚು ಒಗ್ಗುತ್ತದೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಕೇಳಿದ ಪೇತ್ರನಿಗೆ ಯೇಸುವಿನಿಂದ ಸಿಕ್ಕ ಉತ್ತರವೂ ಹಾಗೆಯೇ: ಲೆಕ್ಕವಿಡಬೇಡ. ಆದರೆ ಕ್ಷಮಿಸುವುದೆಂದರೆ ಹೊಡೆತ ತಿನ್ನುತ್ತ ಕೂರುವುದಲ್ಲ. ಮಕ್ಕಳನ್ನು ಕೆಲಕಾಲ ಬೇರೆ ಮನೆಯಲ್ಲಿಡುವುದು, ವೈದ್ಯರಿಗೆ ಸಿಟ್ಟಿನ ವಿಷಯ ಮುಚ್ಚಿಡದೆ ಹೇಳುವುದು, ಆರೈಕೆ ಮಾಡುವವಳು ವಾರಕ್ಕೊಂದು ದಿನವಾದರೂ ತವರಿಗೆ ಹೋಗಿ ಬರುವುದು, ಇವು ಕ್ಷಮೆಗೆ ವಿರುದ್ಧವಲ್ಲ. ಅಪಘಾತ ಮಾಡಿದ ಚಾಲಕನನ್ನು ಕ್ಷಮಿಸಿದವರು ಪರಿಹಾರದ ಮೊಕದ್ದಮೆಯನ್ನು ಕೈಬಿಡಬೇಕಾಗಿಯೂ ಇಲ್ಲ. 1999ರಲ್ಲಿ ಒಡಿಶಾದಲ್ಲಿ ಪತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಬಹಿರಂಗವಾಗಿ ಕ್ಷಮಿಸಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು.

ಗಾಯಾಳುವಿನ ಪಾಪನಿವೇದನೆಯ ವಿಷಯದಲ್ಲೂ ಕಥೋಲಿಕರ ಧರ್ಮಸಂಹಿತೆ ಕೇಳುವುದು ಆತ್ಮಶೋಧನೆಯ ಬಳಿಕ ನೆನಪಿಗೆ ಬಂದ ಗಂಭೀರ ಪಾಪಗಳನ್ನಷ್ಟೇ. ಮರೆತದ್ದಕ್ಕಾಗಿ ಹಗಲಿರುಳು ಕೊರಗಬೇಕಿಲ್ಲ. ರೋಗಿಗಳಿಗೆ ಎಣ್ಣೆ ಹಚ್ಚುವ ಅಭ್ಯಂಗ ಸಂಸ್ಕಾರ ಸಾಯುವ ಗಳಿಗೆಗೆ ಮಾತ್ರ ಎಂಬ ತಿಳಿವಳಿಕೆಯೂ ಹಳೆಯದು. ಗಂಭೀರ ಕಾಯಿಲೆಯಲ್ಲಿರುವ ಯಾವ ಕಥೋಲಿಕರೂ ಅದನ್ನು ಪಡೆಯಬಹುದು. ಅಪಾಯ ಇರುವುದು ಇನ್ನೊಂದು ಕಡೆ. ಸಿಡಿಮಿಡಿಯನ್ನೂ ಫಿಟ್ಸನ್ನೂ ದೆವ್ವವೆಂದು ಹೆಸರಿಸಿ, ವಿಶ್ವಾಸ ತೋರಿಸಲು ಮಾತ್ರೆ ಬಿಡಿಸುವ ಪ್ರಾರ್ಥನಾಕೂಟಗಳಿವೆ. ತಲೆಗೆ ಪೆಟ್ಟಾದವರು ಫಿಟ್ಸ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಲಸಿಕೆ ಹಿಡಿದು ಓಡಾಡಿದ ಪಾದ್ರಿಯ ನೆಲದಲ್ಲಿ ಹೀಗಾಗಬಾರದು.

ಚಿಕಿತ್ಸೆ ದೂರದಲ್ಲಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ಸರದಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಟಿದೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಮೆದುಳಿನ ಪುನಶ್ಚೇತನಕ್ಕೆ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಮೆದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರಿಲ್ಲದಿದ್ದರೂ, ಅದರಿಂದ ಉಳಿದ ತೊಂದರೆ ಮಾನಸಿಕ ಕಾಯಿಲೆ, ಚಲನೆಯ ದೋಷ, ಮಾತಿನ ದೋಷ ಮುಂತಾದ ಯಾವ ತಲೆಬರಹಕ್ಕೆ ಸೇರುತ್ತದೆಂದು ವೈದ್ಯರನ್ನು ಕೇಳಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಸಾಯುವ ಮಾತು ಕೇಳಿಬಂದಾಗ ‘ಅಂಥ ಯೋಚನೆ ಬರುತ್ತಿದೆಯಾ’ ಎಂದು ನೇರವಾಗಿ ಕೇಳುವುದರಿಂದ ಕೆಡುಕಾಗುವುದಿಲ್ಲ. ಆಗ ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಸಾವು ಸಂಭವಿಸಿದ ಮನೆಯವರಿಗೂ ಅದೇ ಸಂಖ್ಯೆ ಬೇಕಾಗುತ್ತದೆ, ಏಕೆಂದರೆ ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡವರಲ್ಲಿ ಅಪಾಯ ಉಳಿದವರಿಗಿಂತ ಹೆಚ್ಚು. ಅಂಥ ಕಥೋಲಿಕ ಕುಟುಂಬ ತನ್ನ ಧರ್ಮಗುರುವಿನ ಬಳಿ ಬಲಿಪೂಜೆ, ಚರ್ಚಿನ ಸ್ಮಶಾನದಲ್ಲಿ ಜಾಗ, ನವೆಂಬರ್ 2ರ ಸಕಲ ಮೃತರ ಸ್ಮರಣೆಯಲ್ಲಿ ಆ ಹೆಸರು, ಮೂರನ್ನೂ ಕೇಳಬಹುದು. ಅವುಗಳನ್ನು ನಿರಾಕರಿಸುವ ನಿಯಮ 1983ರಿಂದ ಇಲ್ಲ.